ಸಿಂಕ್ ಕಟ್ಟಿದೆ, ನೀರು ಇಳಿಯುತ್ತಿಲ್ಲ: ಪದೇ ಪದೇ ಕೇಳುವ ಪ್ರಶ್ನೆಗಳು

ಸಿಂಕ್ ಕಟ್ಟಿಕೊಂಡರೆ ಮನೆಯ ಅರ್ಧ ಕೆಲಸ ಅಲ್ಲೇ ನಿಂತುಹೋಗುತ್ತದೆ. ಆ ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ತೂತಿನೊಳಗೆ ಸುರಿಯುವವರೇ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಸುರಿಯುವ ಮೊದಲು ಕಸ ಎಲ್ಲಿ ಸಿಕ್ಕಿಕೊಂಡಿದೆ ಅಂತ ಕಂಡುಕೊಳ್ಳಿ. ಬಹಳಷ್ಟು ಸಲ ಅದು ಸಿಂಕ್‌ನ ಕೆಳಗೇ, ಕೈಗೆ ಎಟುಕುವ ಜಾಗದಲ್ಲೇ ಇರುತ್ತದೆ. ಒಂದು ಬಕೆಟ್, ಒಂದು ಜೊತೆ ರಬ್ಬರ್ ಗ್ಲೌಸ್, ಒಂದು ಪ್ಲಂಜರ್ (ಹಿಡಿಕೆಯ ತುದಿಯಲ್ಲಿ ರಬ್ಬರ್ ಬಟ್ಟಲಿರುವ, ಒತ್ತಿ ಎಳೆಯುವ ಸಾಧನ) ಇದ್ದರೆ ಹೆಚ್ಚಿನ ಕೆಲಸ ಮನೆಯಲ್ಲೇ ಮುಗಿಯುತ್ತದೆ.

ಸಿಂಕ್ ತುಂಬ ನೀರು ನಿಂತಿದೆ. ಮೊದಲು ಏನು ಮಾಡಲಿ?

ನಲ್ಲಿ ನಿಲ್ಲಿಸಿ. ಅದೇ ಪೈಪಿಗೆ ಡಿಶ್‌ವಾಶರ್ ಅಥವಾ ವಾಷಿಂಗ್ ಮಷಿನ್ ಸೇರಿದ್ದರೆ ಅದನ್ನೂ ನಿಲ್ಲಿಸಿ, ಇಲ್ಲದಿದ್ದರೆ ಅದರ ನೀರೂ ಸಿಂಕ್‌ಗೇ ಬಂದು ಉಕ್ಕುತ್ತದೆ. ಸಿಂಕ್ ಕೆಳಗಿನ ಕಪಾಟು ಖಾಲಿ ಮಾಡಿ, ಪೈಪಿನ ಜೋಡಣೆಗಳಲ್ಲಿ ಎಲ್ಲಾದರೂ ತೊಟ್ಟಿಕ್ಕುತ್ತಿದೆಯಾ ನೋಡಿ.

ಆಮೇಲೆ ಹತ್ತು ನಿಮಿಷ ಸುಮ್ನೆ ಬಿಡಿ. ನೀರು ನಿಧಾನಕ್ಕಾದರೂ ಇಳಿಯುತ್ತಿದ್ದರೆ ಒಳಗೆ ಇನ್ನೂ ಸ್ವಲ್ಪ ದಾರಿ ಉಳಿದಿದೆ. ಚೂರೂ ಕದಲದಿದ್ದರೆ ಪೂರ್ತಿ ಮುಚ್ಚಿದೆ. ಈ ಎರಡಕ್ಕೂ ಮಾಡುವ ಉಪಾಯ ಬೇರೆ ಬೇರೆ. ಹಾಗಾಗಿ ಈ ಹತ್ತು ನಿಮಿಷ ದಂಡ ಅಂದುಕೊಳ್ಳಬೇಡಿ.

ಎಲ್ಲಿ ಕಟ್ಟಿದೆ ಅಂತ ಹೊರಗಿನಿಂದಲೇ ತಿಳಿಯುತ್ತದಾ?

ಬಹಳ ಮಟ್ಟಿಗೆ ತಿಳಿಯುತ್ತದೆ. ಮನೆಯ ಬೇರೆ ನಲ್ಲಿಗಳನ್ನೂ ಒಂದೊಂದಾಗಿ ಬಿಟ್ಟು ನೋಡಿ.

ಈ ಸಿಂಕ್ ಒಂದೇ ಕಟ್ಟಿದ್ದು, ಬಚ್ಚಲು, ವಾಶ್‌ಬೇಸಿನ್, ಶೌಚಾಲಯ ಎಲ್ಲ ಸರಿಯಾಗಿದ್ದರೆ ತೊಂದರೆ ಈ ಸಿಂಕ್‌ನ ಜಾಲರಿಯಿಂದ ಗೋಡೆಯೊಳಗಿನ ಪೈಪಿನವರೆಗೆ ಎಲ್ಲೋ ಇದೆ. ಇದನ್ನು ನೀವೇ ಸರಿ ಮಾಡಬಹುದು.

ಎರಡು ಮೂರು ಕಡೆ ಒಟ್ಟಿಗೇ ನೀರು ನಿಧಾನವಾಗಿದ್ದರೆ ಅವೆಲ್ಲ ಸೇರುವ ಪೈಪಿನಲ್ಲಿ ಕಟ್ಟಿದೆ. ಅಡುಗೆಮನೆ ಸಿಂಕ್‌ನ ನೀರು ಬಿಟ್ಟರೆ ಬಚ್ಚಲ ನೆಲದ ಜಾಲರಿಯಿಂದ ನೀರು ಮೇಲೆ ಬರುತ್ತಿದ್ದರೆ ಮುಖ್ಯ ಪೈಪೇ ಮುಚ್ಚಿದೆ ಎಂದು ಅರ್ಥ. ಮುಂದೆ ದಾರಿ ಇಲ್ಲದ ನೀರು ಮನೆಯಲ್ಲಿ ಎಲ್ಲಕ್ಕಿಂತ ತಗ್ಗಾದ ಬಾಯಿಯಿಂದ ಹೊರಗೆ ಬರುತ್ತದೆ. ಆಗ ಸಿಂಕ್‌ನ ಹತ್ತಿರ ಎಷ್ಟು ಒದ್ದಾಡಿದರೂ ಪ್ರಯೋಜನವಿಲ್ಲ. ನೀರು ಬಳಸುವುದನ್ನು ನಿಲ್ಲಿಸಿ, ಹೊರಗಿನ ಚೇಂಬರ್ ಮುಚ್ಚಳ ತೆಗೆಸಿ ನೋಡಿಸಿ.

ಇನ್ನೊಂದು ಸುಳಿವಿದೆ. ನಲ್ಲಿ ಬಿಟ್ಟ ತಕ್ಷಣವೇ ನೀರು ನಿಂತರೆ ಕಸ ಹತ್ತಿರದಲ್ಲಿದೆ. ಒಂದೆರಡು ಬಕೆಟ್ ನೀರು ಸಲೀಸಾಗಿ ಹೋಗಿ, ಆಮೇಲೆ ಹಿಂದೆ ಉಕ್ಕಿದರೆ ಕಸ ದೂರದಲ್ಲಿದೆ. ನಡುವಿನ ಪೈಪು ತುಂಬುವವರೆಗೆ ಮಾತ್ರ ನೀರು ಹೋಗಿರುತ್ತದೆ.

ಅಡುಗೆಮನೆ ಸಿಂಕ್‌ಗೂ ವಾಶ್‌ಬೇಸಿನ್‌ಗೂ ಒಂದೇ ಮದ್ದು ಸಾಕಾ?

ಸಾಲದು. ಒಳಗೆ ಕಟ್ಟುವ ವಸ್ತುವೇ ಬೇರೆ.

ಅಡುಗೆಮನೆಯಲ್ಲಿ ಮುಖ್ಯ ತೊಂದರೆ ಜಿಡ್ಡು. ಪಾತ್ರೆಯಿಂದ ಬಿಸಿಬಿಸಿಯಾಗಿ ಹರಿದುಹೋದ ಎಣ್ಣೆ, ಬೆಣ್ಣೆ, ಕೊಬ್ಬು ಪೈಪಿನೊಳಗೆ ತಣ್ಣಗಾಗಿ ಗೋಡೆಗೆ ಅಂಟುತ್ತದೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಈ ಕೊಬ್ಬಿನ ಜೊತೆ ಸೇರಿದರೆ ನೀರಿನಲ್ಲಿ ಕರಗದ ಒಂದು ಬಗೆಯ ಗಟ್ಟಿ ಸಾಬೂನು ಆಗುತ್ತದೆ. ಅದರ ಮೇಲೆ ಕಾಫಿ ಚರಟ, ಹಿಟ್ಟು, ಅನ್ನದ ಅಗುಳು ಕೂರುತ್ತವೆ. ಹಿಟ್ಟು ಮತ್ತು ಅನ್ನ ನೀರು ಕುಡಿದು ಊದಿಕೊಳ್ಳುತ್ತವೆ. ಕಾಫಿ ಚರಟ ಎಷ್ಟು ನೀರು ಬಿಟ್ಟರೂ ಕರಗುವುದಿಲ್ಲ, ತಗ್ಗಿನಲ್ಲಿ ಹೂಳಿನಂತೆ ನಿಲ್ಲುತ್ತದೆ. ಹೀಗೆ ದಿನ ದಿನಕ್ಕೆ ದಾರಿ ಚಿಕ್ಕದಾಗುತ್ತಾ ಬಂದು ಒಂದು ದಿನ ಪೂರ್ತಿ ಮುಚ್ಚುತ್ತದೆ. 'ನಿನ್ನೆಯವರೆಗೂ ಸರಿಯಾಗಿತ್ತು' ಅಂತ ಅನಿಸುವುದು ಇದಕ್ಕೇ.

ವಾಶ್‌ಬೇಸಿನ್‌ನಲ್ಲಿ ಮುಖ್ಯ ತೊಂದರೆ ಕೂದಲು. ಕೂದಲು ಮುಚ್ಚಳದ ಕಡ್ಡಿಗೆ ಸುತ್ತಿಕೊಂಡು ಬಲೆಯಾಗುತ್ತದೆ. ಆ ಬಲೆಗೆ ಸಾಬೂನಿನ ಲೋಳೆ, ಟೂತ್‌ಪೇಸ್ಟ್ ಅಂಟಿಕೊಳ್ಳುತ್ತದೆ. ಹೆಚ್ಚಿನ ಸಲ ಇದು ಬಾಯಿಯಿಂದ ಒಂದು ಗೇಣಿನೊಳಗೇ ಇರುತ್ತದೆ. ಅದಕ್ಕೆ ಟಾರ್ಚ್ ಬಿಟ್ಟು ನೋಡಿ, ಹಲ್ಲುಗಳಿರುವ ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿಯನ್ನು ಇಳಿಸಿ ಮೇಲೆ ಎಳೆಯಿರಿ. ಒತ್ತಿದರೆ ಮುಚ್ಚುವ ಮುಚ್ಚಳವಿದ್ದರೆ ಮೊದಲು ಅದನ್ನು ತಿರುಗಿಸಿ ಅಥವಾ ಎತ್ತಿ ಹೊರಗೆ ತೆಗೆಯಿರಿ. ಕೆಲವದರಲ್ಲಿ ಬೇಸಿನ್‌ನ ಹಿಂಭಾಗದ ಕಡ್ಡಿಯ ನಟ್ ಬಿಚ್ಚಿದರೆ ಮಾತ್ರ ಮುಚ್ಚಳ ಬರುತ್ತದೆ. ಕೂದಲಿಗೆ ಬಿಸಿನೀರು ಏನೂ ಮಾಡುವುದಿಲ್ಲ. ಎಳೆದು ತೆಗೆಯಲೇಬೇಕು.

ಕುದಿಯುವ ನೀರು ಸುರಿಯಬಹುದಾ?

ಕುದಿಯುವ ನೀರು ಬೇಡ, ಚೆನ್ನಾಗಿ ಬಿಸಿಯಾದ ನೀರು ಸಾಕು. ಇಂದಿನ ಮನೆಗಳ ಸಿಂಕ್ ಪೈಪುಗಳು ಹೆಚ್ಚಾಗಿ ಪಿವಿಸಿ. ಅದು ಸುಮಾರು 80 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗುತ್ತದೆ. ಕುದಿಯುವ ನೀರು 100 ಡಿಗ್ರಿ. ಒಂದು ಸಲಕ್ಕೆ ಏನೂ ಆಗದೆ ಇರಬಹುದು, ಆದರೆ ಪದೇ ಪದೇ ಸುರಿದರೆ ಜೋಡಣೆ ಸಡಿಲವಾಗಿ ಸೋರಲು ಶುರುವಾಗುತ್ತದೆ. ಪಿಂಗಾಣಿ ಬೇಸಿನ್ ಒಮ್ಮೆಲೇ ಬಿಸಿಯಾದರೆ ಬಿರುಕು ಬಿಡಬಹುದು.

60 ಡಿಗ್ರಿಗಿಂತ ಕಡಿಮೆ ಇರಲಿ. ಅಷ್ಟು ಬಿಸಿ ನೀರಿಗೆ ಪಾತ್ರೆ ತೊಳೆಯುವ ದ್ರವ ಸ್ವಲ್ಪ ಸೇರಿಸಿ ಸುರಿದರೆ ಹೊಸ ಜಿಡ್ಡು ಸಡಿಲವಾಗುತ್ತದೆ. ಇದು ನೀರು ಇನ್ನೂ ನಿಧಾನಕ್ಕೆ ಇಳಿಯುತ್ತಿರುವ ಸಿಂಕ್‌ಗೆ ಮಾತ್ರ. ಪೂರ್ತಿ ಮುಚ್ಚಿದ್ದರೆ ಬಿಸಿನೀರು ಜಿಡ್ಡನ್ನು ಮುಟ್ಟುವಷ್ಟರಲ್ಲಿ ಮೇಲೆ ನಿಂತ ತಣ್ಣೀರಿನಲ್ಲೇ ಬೆರೆತು ಆರಿರುತ್ತದೆ. ಅಲ್ಲದೆ ಬಿಸಿನೀರಿಗೆ ಕರಗಿದ ಜಿಡ್ಡು ಮಾಯವಾಗುವುದಿಲ್ಲ. ಮುಂದೆ ಹೋಗಿ ತಣ್ಣಗಾದ ಕಡೆ ಮತ್ತೆ ಅಂಟಬಹುದು. ಅದಕ್ಕೆ ಒಂದು ಪಾತ್ರೆ ನೀರಿಗೆ ನಿಲ್ಲಿಸದೆ ಜಾಸ್ತಿ ನೀರು ಬಿಟ್ಟು ಮುಂದಕ್ಕೆ ತಳ್ಳಿ.

ಅಡುಗೆ ಸೋಡಾ ಮತ್ತು ವಿನೆಗರ್ ಹಾಕಿದರೆ ಸರಿ ಹೋಗುತ್ತದಂತೆ, ನಿಜವಾ?

ಹಟಮಾರಿ ಕಸಕ್ಕೆ ಇದು ಕೆಲಸ ಮಾಡುವುದಿಲ್ಲ. ನೊರೆ ಬರುವುದು ಕಣ್ಣಿಗೆ ಕಾಣುತ್ತದೆ, ಅದಕ್ಕೇ ಜನ ನಂಬುತ್ತಾರೆ. ಸೋಡಾ ಕ್ಷಾರ, ವಿನೆಗರ್ ಆಮ್ಲ. ಎರಡೂ ಸೇರಿದರೆ ಒಂದರ ಶಕ್ತಿಯನ್ನು ಇನ್ನೊಂದು ಕಳೆಯುತ್ತದೆ. ಕೊನೆಗೆ ಉಳಿಯುವುದು ನೀರು, ಇಂಗಾಲದ ಡೈಆಕ್ಸೈಡ್ ಮತ್ತು ಸೋಡಿಯಂ ಅಸಿಟೇಟ್ ಎಂಬ ಉಪ್ಪು. ಆ ಗ್ಯಾಸ್ ಕಸವನ್ನು ತಳ್ಳುವಷ್ಟು ಒತ್ತಡ ಕಟ್ಟುವುದಿಲ್ಲ, ಮೇಲೆ ಬಾಯಿ ತೆರೆದಿದೆ ಅಲ್ವಾ, ಅಲ್ಲಿಂದಲೇ ಹೊರಗೆ ಹೋಗುತ್ತದೆ.

ಸಿಂಕ್ ಬಾಯಿಯ ವಾಸನೆಗೆ, ಮೇಲ್ಭಾಗದ ತೆಳು ಲೋಳೆಗೆ ಸ್ವಲ್ಪ ಉಪಯೋಗವಿದೆ. ಆದರೆ ಇದನ್ನು ಮಾಡಿಯೂ ಆಗಲಿಲ್ಲ ಅಂತ ಮುಚ್ಚಳ ಒತ್ತಿ ಹಿಡಿದು ಗ್ಯಾಸ್ ಕಟ್ಟಿಹಾಕಲು ಹೋಗಬೇಡಿ. ಒಳಗಿನ ಗಲೀಜು ಮುಖಕ್ಕೆ ಸಿಡಿಯುತ್ತದೆ.

ಪ್ಲಂಜರ್ ಎಷ್ಟು ಒತ್ತಿದರೂ ಕೆಲಸ ಆಗುತ್ತಿಲ್ಲ. ಯಾಕೆ?

ಹೆಚ್ಚಿನ ಸಲ ಪ್ಲಂಜರ್ ಸೋಲುವುದು ಗಾಳಿ ಸೋರುವುದರಿಂದ. ಎಲ್ಲೋ ಒಂದು ತೂತು ತೆರೆದಿರುತ್ತದೆ, ನೀವು ಒತ್ತಿದ ಒತ್ತಡ ಕಸದ ಕಡೆ ಹೋಗದೆ ಅಲ್ಲಿಂದ ಹೊರಗೆ ಹೋಗುತ್ತದೆ.

ವಾಶ್‌ಬೇಸಿನ್‌ನ ಮೇಲ್ಭಾಗದಲ್ಲಿ, ನೀರು ತುಂಬಿ ಉಕ್ಕದಿರಲಿ ಅಂತ ಒಂದು ಚಿಕ್ಕ ತೂತು ಇರುತ್ತದೆ. ಅದಕ್ಕೆ ಒದ್ದೆ ಬಟ್ಟೆ ತುರುಕಿ ಬಿಗಿಯಾಗಿ ಒತ್ತಿ ಹಿಡಿಯಿರಿ. ಜೋಡಿ ಸಿಂಕ್ ಆಗಿದ್ದರೆ ಎರಡನೆಯದರ ಬಾಯಿಯನ್ನೂ ಹೀಗೇ ಮುಚ್ಚಬೇಕು, ಇನ್ನೊಬ್ಬರು ಹಿಡಿದುಕೊಂಡರೆ ಒಳ್ಳೆಯದು. ಡಿಶ್‌ವಾಶರ್‌ನ ಹೋಸ್ ಸೇರಿದ್ದರೆ ಅದನ್ನು ಕ್ಲಿಪ್ ಹಾಕಿ ಬಿಗಿ ಮಾಡಿ, ಇಲ್ಲದಿದ್ದರೆ ಕೊಳಕು ನೀರು ಮಷಿನ್ ಒಳಗೆ ಹೋಗುತ್ತದೆ.

ಸಿಂಕ್‌ನ ಜಾಲರಿ ತೆಗೆಯಿರಿ. ಪ್ಲಂಜರ್‌ನ ರಬ್ಬರ್ ಬಟ್ಟಲು ಮುಳುಗುವಷ್ಟು ನೀರು ಇರಬೇಕು. ಗಾಳಿಯನ್ನು ಒತ್ತಿದರೆ ಅದು ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ, ನೀವು ಕೊಟ್ಟ ಬಲವನ್ನು ಹಾಗೇ ಮುಂದಕ್ಕೆ ದಾಟಿಸುತ್ತದೆ. ಬಟ್ಟಲನ್ನು ಓರೆಯಾಗಿ ಇಳಿಸಿ, ಒಳಗಿನ ಗಾಳಿ ಗುಳ್ಳೆಯಾಗಿ ಹೊರಗೆ ಹೋಗಲಿ. ಅಂಚಿಗೆ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಇನ್ನೂ ಚೆನ್ನಾಗಿ ಕೂರುತ್ತದೆ.

ಈಗ ನೇರವಾಗಿ, ಒಂದೇ ತಾಳದಲ್ಲಿ ಹದಿನೈದು ಇಪ್ಪತ್ತು ಸಲ ಒತ್ತಿ ಎಳೆಯಿರಿ. ಎಳೆಯುವುದೂ ಒತ್ತುವಷ್ಟೇ ಮುಖ್ಯ. ಬರೀ ಒತ್ತಿದರೆ ಕಸ ಇನ್ನೂ ಬಿಗಿಯಾಗಿ ಕೂತುಬಿಡಬಹುದು. ಹಿಂದೆ ಮುಂದೆ ಅಲ್ಲಾಡಿದರೆ ಒಡೆಯುತ್ತದೆ. ಕೊನೆಯ ಎಳೆತಕ್ಕೆ ಬಟ್ಟಲನ್ನು ಒಮ್ಮೆಲೇ ಕಿತ್ತು ತೆಗೆಯಿರಿ. ನಾಲ್ಕೈದು ಸುತ್ತು ಮಾಡಿಯೂ ಕದಲದಿದ್ದರೆ ಅಲ್ಲಿಗೆ ಬಿಟ್ಟು ಟ್ರ್ಯಾಪ್, ಅಂದರೆ ಸಿಂಕ್ ಕೆಳಗೆ ಸದಾ ನೀರು ನಿಲ್ಲುವ ಬಾಗಿದ ಪೈಪು ಅಥವಾ ಡಬ್ಬಿ, ಬಿಚ್ಚಿ. ಮತ್ತೆ ಮತ್ತೆ ಜೋರು ಮಾಡಿದರೆ ಕೆಳಗಿನ ಜೋಡಣೆ ಬಿಟ್ಟುಕೊಳ್ಳುತ್ತದೆ.

ಶೌಚಾಲಯದ ಪ್ಲಂಜರ್ ಇಲ್ಲಿಗೆ ಹೊಂದುವುದಿಲ್ಲ. ಅದರ ಕೆಳಗೆ ಚಾಚಿಕೊಂಡ ರಬ್ಬರ್ ಸಿಂಕ್‌ನ ಚಪ್ಪಟೆ ತಳಕ್ಕೆ ಸರಿಯಾಗಿ ಕೂರುವುದಿಲ್ಲ. ಸಿಂಕ್‌ಗೆ ಬೇಕಾದದ್ದು ಸಾದಾ ಬಟ್ಟಲಿನ ಆಕಾರದ್ದು. ಸ್ವಚ್ಛತೆಯ ದೃಷ್ಟಿಯಿಂದಲೂ ಎರಡನ್ನೂ ಬೇರೆ ಇಡಿ.

ಸಿಂಕ್ ಕೆಳಗಿನ ಪೈಪು ಬಿಚ್ಚಲು ಭಯ. ಪ್ಲಂಬರ್ ಅಲ್ಲದವರು ಬಿಚ್ಚಬಹುದಾ?

ಖಂಡಿತ ಬಿಚ್ಚಬಹುದು. ಅದನ್ನು ಬಿಚ್ಚಿ ತೊಳೆಯಲಿ ಅಂತಲೇ ಹಾಗೆ ಮಾಡಿರುತ್ತಾರೆ. ಹಟಮಾರಿ ಸಿಂಕ್‌ಗೆ ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಕಸ ಕರಗಿತಾ, ಮುಂದೆ ಹೋಯಿತಾ ಅನ್ನುವ ಅನುಮಾನವೇ ಉಳಿಯುವುದಿಲ್ಲ, ಕಣ್ಣೆದುರಿಗೇ ಹೊರಗೆ ಬರುತ್ತದೆ.

ಟ್ರ್ಯಾಪ್‌ನಲ್ಲಿ ಎರಡು ಬಗೆ ಜಾಸ್ತಿ ಕಾಣುತ್ತವೆ. ಒಂದು, ಕೆಳಕ್ಕೆ ಬಾಗಿ ಮತ್ತೆ ಮೇಲೆದ್ದು ಗೋಡೆಗೆ ಹೋಗುವ ಪೈಪು, ಪಿ-ಟ್ರ್ಯಾಪ್. ಇನ್ನೊಂದು ಡಬ್ಬಿಯಂತಿರುವ ಬಾಟಲ್ ಟ್ರ್ಯಾಪ್. ಬಾಟಲ್ ಟ್ರ್ಯಾಪ್‌ನ ಕೆಳಗಿನ ಬಟ್ಟಲನ್ನು ತಿರುಗಿಸಿದರೆ ಸಾಕು, ಬಿಚ್ಚಿಕೊಳ್ಳುತ್ತದೆ. ಪಿ-ಟ್ರ್ಯಾಪ್‌ನಲ್ಲಿ ಬಾಗಿದ ತುಂಡಿನ ಎರಡು ತುದಿಗೂ ಒಂದೊಂದು ದೊಡ್ಡ ನಟ್ ಇರುತ್ತದೆ.

ಮೊದಲು ಸಿಂಕ್‌ನಲ್ಲಿ ನಿಂತ ನೀರನ್ನು ಮಗ್ಗಿನಿಂದ ಎತ್ತಿ ಬಕೆಟ್‌ಗೆ ಹಾಕಿ ಬೇರೆ ಕಡೆ ಚೆಲ್ಲಿ. ಪೈಪಿನ ಫೋಟೋ ಒಂದು ತೆಗೆದುಕೊಳ್ಳಿ, ಜೋಡಿಸುವಾಗ ಬೇಕಾಗುತ್ತದೆ. ಖಾಲಿ ಬಕೆಟ್ ಟ್ರ್ಯಾಪ್‌ನ ನೇರ ಕೆಳಗಿರಲಿ. ಗ್ಲೌಸ್ ಹಾಕಿಕೊಂಡು ನಟ್ ಅನ್ನು ಸಡಿಲ ಮಾಡಿ. ಪ್ಲಾಸ್ಟಿಕ್ ನಟ್ ಕೈಯಲ್ಲೇ ಬರಬೇಕು. ಬಿಗಿಯಾಗಿದ್ದರೆ ಬಟ್ಟೆ ಸುತ್ತಿ ಪಾನಾ ಹಾಕಿ ಮೆಲ್ಲಗೆ ತಿರುಗಿಸಿ. ಹಳೆಯ ಲೋಹದ ಟ್ರ್ಯಾಪ್ ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಬಲ ಹಾಕಬೇಡಿ, ಪೈಪೇ ಮುರಿಯಬಹುದು. ಅದು ಪ್ಲಂಬರ್ ಕೆಲಸ.

ಬಿಚ್ಚುವಾಗ ವಾಶರ್‌ಗಳು ಯಾವ ದಿಕ್ಕಿಗೆ ಕೂತಿದ್ದವು ನೋಡಿಟ್ಟುಕೊಳ್ಳಿ. ಒಂದು ಕಡೆ ಇಳಿಜಾರಾಗಿರುವ ವಾಶರ್ ತಿರುಗುಮುರುಗಾದರೆ ಸೋರುತ್ತದೆ. ಸೀಳು ಬಿಟ್ಟಿದ್ದರೆ, ಗಟ್ಟಿಯಾಗಿದ್ದರೆ ಹೊಸದು ಹಾಕಿ. ಟ್ರ್ಯಾಪ್ ಒಳಗಿನ ಕಸ ಬಕೆಟ್‌ಗೆ ಬೀಳಿಸಿ, ಹಳೆಯ ಟೂತ್‌ಬ್ರಶ್ ಅಥವಾ ಬಾಟಲ್ ಬ್ರಶ್‌ನಿಂದ ಉಜ್ಜಿ. ಸಿಂಕ್‌ನ ಕೆಳಗೆ ಇಳಿಯುವ ನೇರ ಪೈಪಿನೊಳಗೂ ಒಮ್ಮೆ ಬ್ರಶ್ ಆಡಿಸಿ, ಅಲ್ಲೂ ಜಿಡ್ಡಿನ ಪದರ ಇರುತ್ತದೆ.

ಈ ಕೊಳಕು ನೀರನ್ನು ಅದೇ ಸಿಂಕ್‌ಗೆ ಸುರಿಯಬಾರದು, ಕೆಳಗೆ ಪೈಪೇ ಇಲ್ಲ! ಟ್ರ್ಯಾಪ್ ತೊಳೆಯಲೂ ಬೇರೆ ನಲ್ಲಿ ಬಳಸಿ. ಗಡಿಬಿಡಿಯಲ್ಲಿ ಎಲ್ಲರೂ ಮರೆಯುವುದು ಇದನ್ನೇ.

ಮತ್ತೆ ಜೋಡಿಸುವಾಗ ನಟ್ ಅನ್ನು ಕೈಯಿಂದ ಬಿಗಿ ಮಾಡಿ, ಆಮೇಲೆ ಬೇಕಿದ್ದರೆ ಕಾಲು ಸುತ್ತು ಮಾತ್ರ. ಇಲ್ಲಿ ನೀರು ತಡೆಯುವುದು ವಾಶರ್, ಟೇಪ್ ಸುತ್ತುವ ಅಗತ್ಯ ಇಲ್ಲ. ಸಿಂಕ್‌ಗೆ ಮುಚ್ಚಳ ಹಾಕಿ ಅರ್ಧ ತುಂಬಿಸಿ ಒಮ್ಮೆಲೇ ಬಿಡಿ. ಒಣ ಟಿಶ್ಯೂ ಕಾಗದದಿಂದ ಪ್ರತಿ ಜೋಡಣೆಯನ್ನೂ ಸವರಿ ನೋಡಿ. ಒಂದು ಹನಿ ಇದ್ದರೂ ಕಾಗದದಲ್ಲಿ ಕಾಣುತ್ತದೆ.

ಕಸ ಕಟ್ಟುವುದೇ ಆ ಬಾಗಿದ ಪೈಪಿನಲ್ಲಾದರೆ ಅದನ್ನು ತೆಗೆದು ನೇರ ಪೈಪ್ ಹಾಕಬಾರದಾ?

ಬೇಡವೇ ಬೇಡ. ಆ ಬಾಗಿನಲ್ಲಿ ಸದಾ ನಿಲ್ಲುವ ನೀರು ಒಳಚರಂಡಿಯ ಗ್ಯಾಸ್ ಮನೆಯೊಳಗೆ ಬರದಂತೆ ತಡೆಯುತ್ತದೆ. ಆ ಗ್ಯಾಸ್‌ನಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಮತ್ತು ಹೊತ್ತಿಕೊಳ್ಳುವ ಮೀಥೇನ್ ಇರುತ್ತವೆ. ಹುಳುಗಳೂ ಆ ನೀರನ್ನು ಸುಲಭವಾಗಿ ದಾಟಿ ಬರುವುದಿಲ್ಲ. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ತಯಾರಕರು ಎಸ್ ಆಕಾರದ ಬಾಗುಪೈಪಿರುವ ಶೌಚಾಲಯಕ್ಕೆ ಪೇಟೆಂಟ್ ಪಡೆದರು. ಇಂದಿನ ಸಿಂಕ್‌ಗಳ ಕೆಳಗೂ ಅದೇ ಉಪಾಯ ಕೆಲಸ ಮಾಡುತ್ತಿದೆ.

ಟ್ರ್ಯಾಪ್ ತೊಳೆದಾಯಿತು, ಒಳಗೆ ಕಸವೇ ಇರಲಿಲ್ಲ. ಈಗ?

ಹಾಗಾದರೆ ಕಸ ಗೋಡೆಯೊಳಗಿನ ಪೈಪಿನಲ್ಲಿದೆ. ಇದಕ್ಕೆ ಬೇಕಾದದ್ದು ಡ್ರೈನ್ ಸ್ನೇಕ್, ಅಂದರೆ ತಿರುಗಿಸಲು ಹಿಡಿಕೆ ಇರುವ, ತುದಿಯಲ್ಲಿ ಸ್ಪ್ರಿಂಗ್ ಇರುವ ಉದ್ದದ ಉಕ್ಕಿನ ಕೇಬಲ್. ಮನೆಬಳಕೆಯವು ಸಾಮಾನ್ಯವಾಗಿ 5ರಿಂದ 8 ಮೀಟರ್ ಉದ್ದ ಇರುತ್ತವೆ. ಟ್ರ್ಯಾಪ್ ಹೇಗೂ ಬಿಚ್ಚಿದೆ, ಗೋಡೆಯ ಪೈಪಿನ ಬಾಯಿಂದಲೇ ಹಾಕಿ.

ಸ್ವಲ್ಪ ಸ್ವಲ್ಪವೇ ತಳ್ಳಿ. ತಡೆದ ಕಡೆ ಹಿಡಿಕೆಯನ್ನು ಬಲಕ್ಕೆ ತಿರುಗಿಸುತ್ತಾ ಮುಂದೆ ಹೋಗಿ. ತಡೆದದ್ದೆಲ್ಲ ಕಸವಲ್ಲ, ಪೈಪಿನ ತಿರುವೂ ಇರುತ್ತದೆ. ತಿರುವು ಗಟ್ಟಿಯಾಗಿ ತಾಗುತ್ತದೆ, ಕೇಬಲ್ ತಿರುಗಿಸಿದರೆ ಜಾರಿ ದಾಟುತ್ತದೆ. ಕಸ ಮೆತ್ತಗೆ, ಅಂಟಂಟಾಗಿ ತಾಗುತ್ತದೆ, ತಿರುಗಿಸುವಾಗ ಕೈಗೆ ಭಾರ ಗೊತ್ತಾಗುತ್ತದೆ. ಎರಡು ಸಲ ಮಾಡಿದರೆ ಈ ವ್ಯತ್ಯಾಸ ಕೈಗೇ ತಿಳಿಯುತ್ತದೆ. ಕಸ ಸಿಕ್ಕ ಮೇಲೆ ಅದೇ ದಿಕ್ಕಿಗೆ ತಿರುಗಿಸುತ್ತಲೇ ಹಿಂದೆ ಎಳೆಯಿರಿ. ಉಲ್ಟಾ ತಿರುಗಿಸಿದರೆ ಸಿಕ್ಕಿದ್ದು ಬಿಟ್ಟುಹೋಗುತ್ತದೆ. ಹೊರಗೆ ಬರುವ ಕೇಬಲ್‌ಗೆ ಹಳೆಯ ಬಟ್ಟೆ ಹಿಡಿದು ಒರೆಸುತ್ತಾ ಎಳೆದರೆ ಗೋಡೆಗೆಲ್ಲ ಸಿಡಿಯುವುದಿಲ್ಲ. ಕಣ್ಣಿಗೆ ಕನ್ನಡಕ ಇರಲಿ.

ನೀರು ಹೋಗಲು ಶುರುವಾದ ತಕ್ಷಣ ನಿಲ್ಲಿಸಬೇಡಿ. ಜಿಡ್ಡಿನ ನಡುವೆ ಕೇಬಲ್ ಒಂದು ಚಿಕ್ಕ ತೂತು ಮಾತ್ರ ಮಾಡಿರಬಹುದು. ಇನ್ನೂ ಎರಡು ಮೂರು ಸಲ ಓಡಿಸಿ, ಟ್ರ್ಯಾಪ್ ಜೋಡಿಸಿ, ಬಿಸಿನೀರು ಧಾರಾಳವಾಗಿ ಬಿಡಿ.

ಬಟ್ಟೆ ಹ್ಯಾಂಗರ್‌ನ ತಂತಿ ಬಳಸಬಹುದಾ?

ಬಾಯಿಯ ಹತ್ತಿರದ ಕೂದಲು ಎಳೆಯಲು, ತುದಿಯನ್ನು ಚಿಕ್ಕ ಕೊಕ್ಕೆಯಂತೆ ಬಗ್ಗಿಸಿಕೊಂಡರೆ ಆಗುತ್ತದೆ. ಆಳಕ್ಕೆ ತುರುಕಬೇಡಿ. ಪ್ಲಾಸ್ಟಿಕ್ ಪೈಪು ಗೀರುತ್ತದೆ, ತಂತಿ ಒಳಗೇ ಸಿಕ್ಕಿಕೊಳ್ಳುವುದೂ ಉಂಟು.

ಡ್ರೈನ್ ಕ್ಲೀನರ್ ಪುಡಿ ಅಥವಾ ದ್ರವ ಹಾಕಬಹುದಾ?

ಪೂರ್ತಿ ಮುಚ್ಚಿದ ಸಿಂಕ್‌ಗೆ ಹಾಕಬೇಡಿ ಅನ್ನುವುದೇ ನನ್ನ ಉತ್ತರ.

ಇವುಗಳಲ್ಲಿ ಬಹಳಷ್ಟಕ್ಕೆ ಆಧಾರ ಕಾಸ್ಟಿಕ್ ಸೋಡಾ. ಅದು ಜಿಡ್ಡನ್ನು ಸಾಬೂನು ಮಾಡುತ್ತದೆ, ಕೂದಲನ್ನೂ ಕರಗಿಸುತ್ತದೆ. ಕೆಲಸ ಮಾಡುವುದು ನಿಜ. ಆದರೆ ಅದು ಕಸವನ್ನು ಮುಟ್ಟಬೇಕು. ನೀರು ನಿಂತ ಸಿಂಕ್‌ನಲ್ಲಿ ಅದು ನೀರಿಗೇ ಬೆರೆತು ತೆಳ್ಳಗಾಗುತ್ತದೆ. ಕೊನೆಗೆ ಕಸವೂ ಹೋಗಿರುವುದಿಲ್ಲ, ಸಿಂಕ್ ತುಂಬ ಚರ್ಮ ಸುಡುವ ನೀರು ನಿಂತಿರುತ್ತದೆ. ಆಮೇಲೆ ಟ್ರ್ಯಾಪ್ ಬಿಚ್ಚುವವರಿಗೆ, ಪ್ಲಂಬರ್‌ಗೂ ಸೇರಿ, ಅದು ಅಪಾಯ.

ಕಾಸ್ಟಿಕ್ ಸೋಡಾ ನೀರಿಗೆ ಬಿದ್ದಾಗ ತುಂಬಾ ಬಿಸಿಯಾಗುತ್ತದೆ. ಸಾಕಷ್ಟು ನೀರಿಲ್ಲದಿದ್ದರೆ ಪೈಪಿನಲ್ಲೇ ಕಲ್ಲಿನಂತೆ ಗಟ್ಟಿಯಾಗಲೂಬಹುದು. ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ಆಗ ಹೊತ್ತಿಕೊಳ್ಳುವ ಹೈಡ್ರೋಜನ್ ಗ್ಯಾಸ್ ಬರುತ್ತದೆ. ಆಮ್ಲದ ಕ್ಲೀನರ್‌ಗಳು ಇನ್ನೊಂದು ಬಗೆ, ಅವು ಲೋಹದ ಪೈಪು ಮತ್ತು ಸ್ಟೀಲ್ ಸಿಂಕ್ ಎರಡನ್ನೂ ಹಾಳು ಮಾಡಬಹುದು.

ನೀರು ನಿಧಾನಕ್ಕೆ ಇಳಿಯುತ್ತಿದ್ದು, ಹಾಕಲೇಬೇಕು ಅಂತ ತೀರ್ಮಾನಿಸಿದ್ದರೆ ಡಬ್ಬಿಯ ಮೇಲಿನ ಸೂಚನೆ ಪೂರ್ತಿ ಓದಿ. ಗ್ಲೌಸ್, ಕಣ್ಣಿಗೆ ರಕ್ಷಣೆ, ತೆರೆದ ಕಿಟಕಿ ಮೂರೂ ಇರಲಿ. ಮಕ್ಕಳು, ಸಾಕುಪ್ರಾಣಿಗಳು ಆ ಕಡೆ ಬರಬಾರದು. ಹೇಳಿದ ಅಳತೆಗಿಂತ ಜಾಸ್ತಿ ಹಾಕಬೇಡಿ. ಒಂದು ಕ್ಲೀನರ್ ಹಾಕಿದ ಮೇಲೆ ಇನ್ನೊಂದನ್ನು ಹಾಕಲೇಬೇಡಿ. ಕ್ಷಾರದ ಮೇಲೆ ಆಮ್ಲ ಬಿದ್ದರೆ ಕುದಿದು ಸಿಡಿಯುತ್ತದೆ. ಬ್ಲೀಚ್‌ಗೆ ಆಮ್ಲ ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ, ವಿನೆಗರ್ ಕೂಡ ಆಮ್ಲವೇ. ಬ್ಲೀಚ್‌ಗೆ ಅಮೋನಿಯಾ ಸೇರಿದರೆ ಕ್ಲೋರಮೈನ್ ಎಂಬ ವಿಷದ ಗ್ಯಾಸ್ ಬರುತ್ತದೆ.

ಆಗಲೇ ಕ್ಲೀನರ್ ಹಾಕಿಬಿಟ್ಟಿದ್ದೇನೆ, ನೀರು ಇಳಿಯುತ್ತಿಲ್ಲ. ಏನು ಮಾಡಲಿ?

ಪ್ಲಂಜರ್ ಮುಟ್ಟಬೇಡಿ. ಒಂದು ಒತ್ತಿಗೆ ಆ ನೀರು ಮುಖಕ್ಕೆ, ಕಣ್ಣಿಗೆ ಸಿಡಿಯುತ್ತದೆ. ಟ್ರ್ಯಾಪ್ ಬಿಚ್ಚಬೇಡಿ. ವ್ಯಾಕ್ಯೂಮ್ ಹಚ್ಚಬೇಡಿ. ವಿನೆಗರ್ ಹಾಕಿ ಶಮನ ಮಾಡುತ್ತೇನೆ ಅಂತಲೂ ಹೋಗಬೇಡಿ. ಕೋಣೆಗೆ ಗಾಳಿಯಾಡಲಿ, ಯಾರೂ ಆ ಸಿಂಕ್‌ಗೆ ಕೈ ಹಾಕದಂತೆ ನೋಡಿಕೊಳ್ಳಿ. ಪ್ಲಂಬರ್ ಕರೆಸಿ, ಬಾಗಿಲಲ್ಲೇ ಯಾವ ಕ್ಲೀನರ್, ಎಷ್ಟು, ಯಾವಾಗ ಹಾಕಿದ್ದು ಅಂತ ಹೇಳಿ, ಡಬ್ಬಿ ತೋರಿಸಿ. ಸಂಕೋಚಪಟ್ಟು ಮುಚ್ಚಿಡಬೇಡಿ, ಅವರ ಕಣ್ಣಿನ ಪ್ರಶ್ನೆ ಅದು.

ಚರ್ಮಕ್ಕೆ ತಾಗಿದರೆ ತಕ್ಷಣ ಬಟ್ಟೆ ಕಳಚಿ, ಹರಿಯುವ ತಣ್ಣೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆಯಿರಿ. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಹಿಡಿದು ಹಾಗೇ ತೊಳೆದು, ಆಸ್ಪತ್ರೆಗೆ ಹೋಗಿ. ನುಂಗಿದರೆ ವಾಂತಿ ಮಾಡಿಸಬಾರದು, ಮೇಲೆ ಬರುವಾಗ ಗಂಟಲನ್ನು ಇನ್ನೊಮ್ಮೆ ಸುಡುತ್ತದೆ. ಡಬ್ಬಿ ಸಮೇತ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಎಂಜೈಮ್ ಕ್ಲೀನರ್ ಹೇಗೆ?

ಎಂಜೈಮ್ ಅಂದರೆ ಕೊಳೆಯನ್ನು ಒಡೆಯುವ ಜೈವಿಕ ವಸ್ತು. ಇದು ಪೈಪಿಗೂ ಕೈಗೂ ಸೌಮ್ಯ, ಆದರೆ ನಿಧಾನ. ರಾತ್ರಿಯಿಡೀ ಬಿಡಬೇಕು. ಪೂರ್ತಿ ಮುಚ್ಚಿದ್ದನ್ನು ಬಿಡಿಸುವ ಶಕ್ತಿ ಇದಕ್ಕಿಲ್ಲ. ಸರಿ ಮಾಡಿದ ಪೈಪಿನಲ್ಲಿ ಮತ್ತೆ ಪದರ ಕಟ್ಟದಂತೆ ಆಗಾಗ ಹಾಕಲು ಒಳ್ಳೆಯದು. ಬ್ಲೀಚ್ ಅಥವಾ ತುಂಬಾ ಬಿಸಿನೀರಿನ ಜೊತೆ ಹಾಕಿದರೆ ಎಂಜೈಮ್ ಸತ್ವವೇ ಹೋಗುತ್ತದೆ.

ಎಷ್ಟು ಸಲ ಸರಿ ಮಾಡಿದರೂ ಮತ್ತೆ ಮತ್ತೆ ಕಟ್ಟುತ್ತದೆ. ಯಾಕೆ ಹೀಗೆ?

ಇಂಥ ಕಡೆ ತಪ್ಪು ಪೈಪಿನಲ್ಲೇ ಇರುತ್ತದೆ. ಕಪಾಟಿನೊಳಗೆ ಇಣುಕಿ ನೋಡಿ. ಸುಕ್ಕುಸುಕ್ಕಾದ ಬಳುಕುವ ವೇಸ್ಟ್ ಪೈಪ್ ಹಾಕಿದ್ದಾರಾ? ಅದರ ಪ್ರತಿ ಸುಕ್ಕಿನಲ್ಲೂ ಜಿಡ್ಡು ಕೂರುತ್ತದೆ. ಉದ್ದ ಜಾಸ್ತಿಯಾಗಿ ಜೋತುಬಿದ್ದಿದ್ದರೆ ಆ ತಗ್ಗಿನಲ್ಲಿ ಸದಾ ಕಸ ನಿಲ್ಲುತ್ತದೆ. ಅದನ್ನು ತೆಗೆದು ಒಳಮೈ ನುಣುಪಾದ ಗಟ್ಟಿ ಪೈಪ್ ಹಾಕಿಸಿದರೆ ಎಷ್ಟೋ ಮನೆಗಳಲ್ಲಿ ಈ ಗೋಳು ಅಲ್ಲಿಗೇ ಮುಗಿಯುತ್ತದೆ. ಇದಕ್ಕೆ ಮಾಡುವ ಖರ್ಚು ಸಾರ್ಥಕ.

ಎರಡನೆಯದು ಇಳಿಜಾರು. ಮಲಗಿದ ಪೈಪಿಗೆ ಒಂದು ಮೀಟರಿಗೆ ಸುಮಾರು 2 ಸೆಂಟಿಮೀಟರ್ ಇಳಿಜಾರು ಬೇಕು. ಸಮತಟ್ಟಾಗಿದ್ದರೆ ನೀರು ತೆವಳಿಕೊಂಡು ಹೋಗುತ್ತದೆ, ಅದರಲ್ಲಿದ್ದ ಕಸ ಅಲ್ಲೇ ಇಳಿಯುತ್ತದೆ. ವಾಶ್‌ಬೇಸಿನ್‌ಗೆ 32 ಮಿಲಿಮೀಟರ್, ಅಡುಗೆಮನೆ ಸಿಂಕ್‌ಗೆ 40 ಮಿಲಿಮೀಟರ್ ಪೈಪು ವಾಡಿಕೆ. ಅಡುಗೆಮನೆಗೂ ಸಣ್ಣದನ್ನೇ ಹಾಕಿದ್ದರೆ ಬೇಗ ಕಟ್ಟುತ್ತದೆ.

ಹಳೆಯ ಕಬ್ಬಿಣದ ಪೈಪುಗಳ ಒಳಮೈ ತುಕ್ಕು ಹಿಡಿದು ಒರಟಾಗಿರುತ್ತದೆ. ಅದನ್ನು ಎಷ್ಟು ತೊಳೆದರೂ ಕಸ ಮತ್ತೆ ಹಿಡಿಯುತ್ತದೆ, ಬದಲಾಯಿಸುವುದೇ ದಾರಿ.

ನೀರು ಹೋಗುವಾಗ ಗುಳುಗುಳು ಸದ್ದು ಬರುತ್ತದೆ. ಇದೂ ಕಸವೇ?

ಇರಬಹುದು, ಗಾಳಿಯ ಕೊರತೆಯೂ ಇರಬಹುದು. ನೀರು ಕೆಳಗೆ ಹೋಗುವಾಗ ಅದರ ಹಿಂದೆ ಗಾಳಿ ಬರಬೇಕು. ಅದಕ್ಕೇ ಪೈಪಿನ ಒಂದು ಕವಲನ್ನು ಚಾವಣಿಯ ಮೇಲಿನವರೆಗೆ ಬಿಟ್ಟಿರುತ್ತಾರೆ. ಎಲೆ ಬಿದ್ದು, ಹಕ್ಕಿ ಗೂಡು ಕಟ್ಟಿ ಅದರ ಬಾಯಿ ಮುಚ್ಚಿದರೆ ನೀರು ಟ್ರ್ಯಾಪ್ ಮೂಲಕವೇ ಗಾಳಿ ಎಳೆದುಕೊಳ್ಳುತ್ತದೆ. ಸದ್ದು ಅದರದ್ದೇ. ಜೊತೆಗೆ ಟ್ರ್ಯಾಪ್‌ನ ನೀರನ್ನೂ ಎಳೆದುಕೊಂಡು ಹೋಗುವುದರಿಂದ ಆಮೇಲೆ ವಾಸನೆ ಬರುತ್ತದೆ. ಟ್ರ್ಯಾಪ್ ಸ್ವಚ್ಛ, ಪೈಪು ಸ್ವಚ್ಛ, ಆದರೂ ನೀರು ನಿಧಾನ ಅನ್ನುವವರು ಚಾವಣಿಯ ಪೈಪು ನೋಡಿಸಿ. ನೀವೇ ಏಣಿ ಹತ್ತಬೇಡಿ.

ಉಂಗುರ ಸಿಂಕ್‌ನೊಳಗೆ ಬಿತ್ತು!

ನಲ್ಲಿ ನಿಲ್ಲಿಸಿ. ಒಂದು ಲೋಟ ನೀರನ್ನೂ ಬಿಡಬೇಡಿ. ಉಂಗುರ ಟ್ರ್ಯಾಪ್‌ನ ತಳದಲ್ಲೇ ಕೂತಿರುವ ಸಾಧ್ಯತೆ ಜಾಸ್ತಿ. ಮೇಲೆ ಹೇಳಿದಂತೆ ಬಕೆಟ್ ಇಟ್ಟು ಬಿಚ್ಚಿ.

ಪ್ಲಂಬರ್‌ನ ಯಾವಾಗ ಕರೆಸಬೇಕು?

ಒಂದಕ್ಕಿಂತ ಹೆಚ್ಚು ಕಡೆ ನೀರು ನಿಂತಾಗ, ಕೊಳಚೆ ನೀರು ಹಿಂದೆ ಬರುವಾಗ, ಕ್ಲೀನರ್ ಸುರಿದು ನಿಂತಾಗ, ಸ್ನೇಕ್ ಪೂರ್ತಿ ಹಾಕಿದರೂ ಕಸ ಸಿಗದಿದ್ದಾಗ. ಬಹುಮಹಡಿ ಕಟ್ಟಡದಲ್ಲಿ ನೀವು ನಲ್ಲಿಯನ್ನೇ ಬಿಡದೆ ಇದ್ದರೂ ಸಿಂಕ್‌ನಲ್ಲಿ ನೀರು ಏರುತ್ತಿದ್ದರೆ ಅದು ಮೇಲಿನ ಮನೆಗಳ ನೀರು. ಎಲ್ಲರಿಗೂ ಸೇರಿದ ಪೈಪು ಕೆಳಗೆ ಮುಚ್ಚಿದೆ. ಕಟ್ಟಡ ನೋಡಿಕೊಳ್ಳುವವರಿಗೆ ಹೇಳಿ, ಮೇಲಿನವರಿಗೂ ನೀರು ಬಿಡದಂತೆ ತಿಳಿಸಿ.

ಯಾವ್ಯಾವ ನಲ್ಲಿ ಬಿಟ್ಟರೆ ಎಲ್ಲಿ ನೀರು ನಿಲ್ಲುತ್ತದೆ, ನೀವು ಏನೇನು ಮಾಡಿ ನೋಡಿದ್ದೀರಿ ಎನ್ನುವುದನ್ನು ಫೋನಿನಲ್ಲೇ ಹೇಳಿದರೆ ಅವರು ಸರಿಯಾದ ಸಾಮಾನು ತರುತ್ತಾರೆ. ಪದೇ ಪದೇ ಕಟ್ಟುವ ಪೈಪಾದರೆ ಒಳಗೆ ಕ್ಯಾಮೆರಾ ಬಿಟ್ಟು ನೋಡಲು ಸಾಧ್ಯವಾ ಅಂತ ಕೇಳಿ.

ಇನ್ನು ಮುಂದೆ ಕಟ್ಟದಂತೆ ಏನು ಮಾಡಬೇಕು?

ಎಣ್ಣೆ ಸಿಂಕ್‌ಗೆ ಹೋಗಬಾರದು. ಇದೊಂದನ್ನು ಪಾಲಿಸಿದರೆ ಅಡುಗೆಮನೆಯ ಅರ್ಧ ತೊಂದರೆ ಇರುವುದಿಲ್ಲ. ಜಿಡ್ಡಿನ ಪಾತ್ರೆಯನ್ನು ತೊಳೆಯುವ ಮೊದಲು ಕಾಗದದಿಂದ ಒರೆಸಿ, ಆ ಕಾಗದ ಕಸದ ಬುಟ್ಟಿಗೆ ಹಾಕಿ. ಉಳಿದ ಎಣ್ಣೆಯನ್ನು ಹಳೆಯ ಬಾಟಲಿಯಲ್ಲಿ ತುಂಬಿ ಕಸಕ್ಕೆ ಕೊಡಿ. 'ಬಿಸಿನೀರು ಬಿಟ್ಟರೆ ಹೋಗುತ್ತದೆ' ಅನ್ನುವ ಎಣ್ಣೆ ನಿಮ್ಮ ಮನೆ ದಾಟಿದರೂ ಮುಂದೆ ಎಲ್ಲೋ ಕೂರುತ್ತದೆ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್‌ನ ಒಳಚರಂಡಿಯಲ್ಲಿ ಸುಮಾರು 250 ಮೀಟರ್ ಉದ್ದ, 130 ಟನ್ ತೂಕದ ಜಿಡ್ಡಿನ ಗಡ್ಡೆ ಸಿಕ್ಕಿತ್ತು. ಅಡುಗೆಮನೆಗಳಿಂದ ಹರಿದ ಕೊಬ್ಬು, ಒದ್ದೆ ವೈಪ್ಸ್ ಸೇರಿ ಆದದ್ದು ಅದು.

ಬಾಯಿಗೆ ಸಣ್ಣ ತೂತಿನ ಜಾಲರಿ ಇಡಿ, ದಿನಾ ರಾತ್ರಿ ಅದನ್ನು ಕಸದ ಬುಟ್ಟಿಗೆ ಕೊಡವಿ. ಕಾಫಿ ಚರಟ ಸಿಂಕ್‌ಗೆ ಬೇಡ, ಗಿಡದ ಬುಡಕ್ಕೆ ಹಾಕಿ. ವಾರಕ್ಕೊಮ್ಮೆ ಸಿಂಕ್‌ಗೆ ಮುಚ್ಚಳ ಹಾಕಿ, ಕೈ ತಾಳುವಷ್ಟು ಬಿಸಿಯ ನೀರು ತುಂಬಿಸಿ, ಒಮ್ಮೆಲೇ ಬಿಡಿ. ನಲ್ಲಿಯ ಸಣ್ಣ ಧಾರೆ ಪೈಪಿನ ತಳವನ್ನಷ್ಟೇ ತೊಳೆಯುತ್ತದೆ. ಹೀಗೆ ತುಂಬಿ ಬಿಟ್ಟ ನೀರು ಪೈಪು ತುಂಬ ರಭಸದಿಂದ ಹೋಗುತ್ತದೆ.

ಮನೆಗೆ ಬೀಗ ಹಾಕಿ ಒಂದೆರಡು ತಿಂಗಳು ಹೋಗುತ್ತಿದ್ದೇವೆ. ಸಿಂಕ್‌ಗೆ ಏನಾದರೂ ಮಾಡಬೇಕಾ?

ಟ್ರ್ಯಾಪ್ ಬಿಚ್ಚಿ ತೊಳೆದಿಟ್ಟು ಹೋಗಿ, ಇಲ್ಲದಿದ್ದರೆ ಒಳಗಿನ ಜಿಡ್ಡು ಒಣಗಿ ಗಟ್ಟಿಯಾಗುತ್ತದೆ. ಜೋಡಿಸಿದ ಮೇಲೆ ಒಂದು ಮಗ್ ನೀರು ಹಾಕಿ ಟ್ರ್ಯಾಪ್ ತುಂಬಿಸಿ, ಬಾಯಿಗೆ ಮುಚ್ಚಳ ಹಾಕಿ. ವಾಪಸ್ ಬಂದಾಗ ವಾಸನೆ ಇದ್ದರೆ ಟ್ರ್ಯಾಪ್‌ನ ನೀರು ಆರಿದೆ ಅಂತ ಅರ್ಥ. ಕಿಟಕಿ ತೆರೆದು, ಮನೆಯ ಎಲ್ಲ ಸಿಂಕ್‌ಗಳಿಗೂ ಬಚ್ಚಲ ಜಾಲರಿಗಳಿಗೂ ಒಂದೊಂದು ಮಗ್ ನೀರು ಹಾಕಿ. ಅರ್ಧ ಗಂಟೆಯ ನಂತರವೂ ವಾಸನೆ ಹೋಗದಿದ್ದರೆ ಯಾವುದೋ ಜೋಡಣೆ ಬಿಟ್ಟಿದೆ, ಟಾರ್ಚ್ ಹಿಡಿದು ಸಿಂಕ್ ಕೆಳಗೆ ನೋಡಿ.